ಪೂರ್ಣಿಮಾ ಎಂಬ ಕೇಸ್ ಸ್ಟಡಿಯ ಕೊನೆಯ ಹಾಳೆ

೧
ಎಲ್ಲಿಂದ ಶುರುಮಾಡಲಿ? ಬಸ್ಸಿನಿಂದ ಮಾಡಬಹುದು. ಆರು ವರ್ಷ ಪಾಠ ಹೇಳಿದ ಕಾಂಚನಾ ಟೀಚರು ಈಗ ಮತ್ತೆ ವಿದ್ಯಾರ್ಥಿನಿ. ಶನಿವಾರ ಮಧ್ಯಾಹ್ನ ಬನಹಟ್ಟಿಯ ಶಾಲೆ ಮುಗಿಸಿ ಜಮಖಂಡಿಗೆ ಹೋಗುತ್ತಾಳೆ, ವಿಶೇಷ ಶಿಕ್ಷಣದಲ್ಲಿ ಎಂ.ಎಡ್. ಓದಲು. ಕಿಟಕಿ, ಕಬ್ಬಿನ ಟ್ರ್ಯಾಕ್ಟರು, ತೊಡೆಯ ಮೇಲೆ ಫೈಲು. ಬರೆದೆ, ಹೊಡೆದುಹಾಕಿದೆ. ಬಸ್ಸಿನಲ್ಲಿ ಶುರುವಾಗುವ ಕಥೆ ತಾನು ಇಳಿಯುವ ಸ್ಟಾಪು ಗೊತ್ತಿದ್ದಂತೆ ಕೂತಿರುತ್ತದೆ. ಇದಕ್ಕೆ ಅದು ಗೊತ್ತಿಲ್ಲ.

೨
ಫೈಲಿನಿಂದ ಮಾಡೋಣ. ಒಂದು ಮಗುವನ್ನು ನಲವತ್ತು ದಿನ ಗಮನಿಸಿ ಬರೆಯಬೇಕೆಂಬುದು ಕೋರ್ಸಿನ ನಿಯಮ. ಕಾಂಚನಾ ಆರಿಸಿಕೊಂಡದ್ದು ತನ್ನದೇ ಮೂರನೇ ಕ್ಲಾಸಿನ ಪೂರ್ಣಿಮಾಳನ್ನು. ನೇಕಾರ ಗೂಳಪ್ಪನ ಮಗಳು. ಬರೆದದ್ದು ಇಷ್ಟು: ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಮಾತು ಕಡಿಮೆ. ಕಿವಿ ಪರೀಕ್ಷೆ ಆಗಿದೆ, ಸರಿಯಿದೆ. ಯಾವ ಉದ್ದೇಶವೂ ಇಲ್ಲದೆ ಅಂಗೈ ಎತ್ತಿ ಹಿಡಿಯುತ್ತಾಳೆ.

ಕೊನೆಯ ಹಾಳೆಯ ತೀರ್ಮಾನದ ಖಾನೆ ಮಾತ್ರ ಖಾಲಿ. ಅಲ್ಲಿಗೆಂದು ಪೆನ್ಸಿಲ್ಲಿನಲ್ಲಿ ಬೇರೆ ಚೀಟಿಯ ಮೇಲೆ ಬರೆದಿಟ್ಟುಕೊಂಡಿದ್ದಳು: ಆಟಿಸಂ ಶಂಕೆ, ವಿಶೇಷ ಶಾಲೆಗೆ ಕಳಿಸುವುದು ಸೂಕ್ತ. ಈ ಹಾಳೆಗಾಗಿ ಹೆಡ್‌ಮಾಸ್ತರರೂ ಕಾಯುತ್ತಿದ್ದರು.

(ನಾನು ಅಕ್ಷರ ಕಲಿತದ್ದು ತಡವಾಗಿ. ಖಾನೆ ತುಂಬುವವರನ್ನು ಕಂಡರೆ ಈಗಲೂ ಸ್ವಲ್ಪ ಹೆದರಿಕೆ. ಇರಲಿ.)

೩
ಪಾಲಕರ ಸಹಿ ಬೇಕಲ್ಲ, ಕಾಂಚನಾ ಗೂಳಪ್ಪನ ಮನೆಗೆ ಹೋದಳು. ಒಳಗೆ ನಾಲ್ಕು ಕರೆಂಟ್ ಮಗ್ಗ ಓಡುತ್ತಿದ್ದವು. ಆ ಸದ್ದಿಗೆ ಅಕ್ಷರ ಹಚ್ಚಲು ಅರ್ಧ ಪುಟ ಒದ್ದಾಡಿದೆ. ಬನಹಟ್ಟಿಯವರು ಓದಿ ನಕ್ಕಾರೆಂದು ಹರಿದುಹಾಕಿದೆ.

ಬಾಗಿಲಲ್ಲಿ ನಿಂತು ಮೂರು ಸಲ ಕರೆದಳು. ಗೂಳಪ್ಪ ತಿರುಗಲಿಲ್ಲ. ಅವನ ಹೆಂಡತಿ ಯಲ್ಲವ್ವನೂ ತಿರುಗಲಿಲ್ಲ. ನೋಡಿದವಳು ಪೂರ್ಣಿಮಾ ಒಬ್ಬಳೇ. ಹೋಗಿ ಅಪ್ಪನ ಬೆನ್ನು ಮುಟ್ಟಿದಳು, ಆಗ ತಿರುಗಿದ. ಅಷ್ಟರಲ್ಲಿ ಆಚೆಯ ಮಗ್ಗದ ಮೇಲೆ ಕಣ್ಣು ಹೋಗಿ ಹುಡುಗಿ ಅಂಗೈ ಎತ್ತಿ ಹಿಡಿದಳು. ಯಲ್ಲವ್ವ ಆ ಮಗ್ಗ ನಿಲ್ಲಿಸಿದಳು.

ಗೂಳಪ್ಪ ಕಟ್ಟೆಗೆ ಬಂದ. "ಕರದ್ರೇನ್ರಿ ಅಕ್ಕೋರ? ಒಳಗ ಹೆಸರ ಹಿಡದ ಕರದ್ರ ಯಾರಿಗೆ ಕೇಳಬೇಕು. ಮೈ ಮುಟ್ಟಬೇಕ್ರಿ, ಇಲ್ಲಾ ಕೈ ತೋರಸಬೇಕು."

"ಅಂಗೈ ಹಂಗ ಎತ್ತಿದ್ರ?"

"ಎಳಿ ಹರದೈತಿ, ನಿಲ್ಲಸು ಅಂತ. ತೊಟ್ಟಿಲದಾಗ ಇದ್ದಾಗಿಂದ ನೋಡ್ಯಾಳಲ್ಲ."

"ಮದವಿ ಆಗಿ ಹನ್ನೆರಡ ವರ್ಷ ಆತ್ರಿ," ಎಂದಳು ಯಲ್ಲವ್ವ, "ಇವರು ನನ್ನ ಹೆಸರ ಹಿಡದ ಕರದಿದ್ದು ರೇಶನ್ ಅಂಗಡ್ಯಾಗ ಅಷ್ಟ."

"ಅಲ್ಲಿ ಮುಟ್ಟಿದ್ರ ಬೈತಿದ್ದಿ," ಎಂದ ಗೂಳಪ್ಪ.

ಯಲ್ಲವ್ವ ನಕ್ಕು, ಮಗಳ ಕಡೆ ನೋಡಿದಳು. "ಓದಾಕ ಮಾತ್ರ ಒದ್ದಾಡ್ತಾಳ್ರಿ ಅಕ್ಕೋರ. ಅದು ಖರೆ."

ಕಾಂಚನಾ ಸಹಿ ಕೇಳಲಿಲ್ಲ. ಕಟ್ಟೆಯ ಮೇಲೆಯೇ ಫೈಲು ಬಿಚ್ಚಿ ಹಿಂದಕ್ಕೆ ತಿರುವಿದಳು. ಅಂಗೈ ಎತ್ತಿದ ವೇಳೆಯನ್ನೂ ತಾನೇ ಬರೆದಿದ್ದಳು. ಅಷ್ಟೂ ಕನ್ನಡ ಓದಿಸುವ ಪಿರಿಯಡ್ಡಿನಲ್ಲಿ.

೪
ಇಲ್ಲಿಂದ ಕಾಂಚನಾ, ಕಥೆ ಬರೆಯುತ್ತಿರುವ ನನ್ನೊಡನೆ ಜಗಳ ತೆಗೆದಳು.

"ಆಯಿ, ಮೊದಲ ಹೇಳಬಾರದಿತ್ತೇನ್ರಿ? ನೀವು ಇಲ್ಲಿಯವರು. ನಾ ಬೀಳಗಿ ಕಡೆಯಾಕಿ. ನಮ್ಮಲ್ಲಿ ಹೊಲದ ಆ ತುದಿಗೆ ನಿಂತವ್ರನ್ನ ಒದರಿ ಕರಿತೀವಿ, ಅವ್ರು ತಿರಗತಾರ."

"ಮೊದಲ ಹೇಳಿದ್ರ ನೀ ತಪ್ಪತಿದ್ದಿಲ್ಲ. ಕಥಿ ಹೆಂಗ ಆಗಬೇಕು?"

"ಕಥಿ ನಿಮ್ಮದು. ನಲವತ್ತ ದಿನ ನನ್ನವು. ಅಷ್ಟೂ ದಿನ ಆ ಕೂಸು ಅಂಗೈ ಎತ್ತಿ ನಿಲ್ಲಸ್ರಿ ಅಂದೈತಿ, ನಾ ಓದಸ್ಕೋತನ ಹೋಗೇನಿ."

ಆಕೆಯ ಗೈಡ್ ಧರ್ಮರಾಜ ಸರ್‌ಗೆ ಫೋನು ಹಚ್ಚಿಸಿದೆ. (ಲೇಖಕರಿಗೆ ಇಂಥ ಅನುಕೂಲ ಇರುತ್ತದೆ.) ಸರ್ ಎಲ್ಲ ಕೇಳಿಸಿಕೊಂಡು ಹೇಳಿದರು: "ಸೋಮವಾರ ಕಡೀ ದಿನ. ಹೊಸಾ ಕೇಸ್ ಮಾಡ್ತಿ ಅಂದ್ರ ಒಂದ ವರ್ಷ ಹೋಗ್ತೈತಿ. ತಪ್ಪಂತ ಗೊತ್ತಿದ್ದು ಕೊಟ್ರ ನಾ ಸಹಿ ಮಾಡಂಗಿಲ್ಲ, ಗೊತ್ತಿಲ್ಲಂದ್ರ ಮಾಡ್ತೇನಿ. ನಿನಗ ಗೊತ್ತೈತೇನವಾ?"

ಆಕೆ ಫೋನು ಹಿಡಿದುಕೊಂಡೇ ನಿಂತಳು. ಈಗಲೂ ಹಾಗೇ ನಿಂತಿದ್ದಾಳೆ. ಕಾಯುವುದು ನನಗೆ ಬರುತ್ತದೆ, ಕಥೆಗೆ ಬರುವುದಿಲ್ಲ.

೫
ಮುಕ್ತಾಯ ಒಂದು: "ಗೊತ್ತಿಲ್ರಿ ಸರ್." ಡಿಗ್ರಿ ಬಂತು. ಪೂರ್ಣಿಮಾ ದಿನಾ ಬಸ್ಸು ಹತ್ತಿ ದೂರದ ಶಾಲೆಗೆ ಹೋಗುತ್ತಾಳೆ.

"ಹರೀರಿ ಅದನ್ನ," ಎಂದಳು ಕಾಂಚನಾ. ಹರಿದೆ.

ಮುಕ್ತಾಯ ಎರಡು: ತಪ್ಪು ಒಪ್ಪಿಕೊಂಡಳು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಪೂರ್ಣಿಮಾ ಗಡಗಡ ಓದತೊಡಗಿದಳು.

"ಯಾವ ಸಾಲ್ಯಾಗ್ರಿ ಇದು?" ಎಂದು ಕಾಂಚನಾ ನಕ್ಕಳು. "ಆಕಿಗೆ ಓದಾಕ ಯಾಕ ಬರವಲ್ದು ಅಂತ ನನಗ ಇನ್ನೂ ಗೊತ್ತಿಲ್ಲ. ಸರ್ ಕೇಳಿದ್ರ ನಾ ಹೇಳೂದು ಅದನ್ನ ಅಷ್ಟ."

ಸಂಕಟ ನೋಡಿ. ಸೋಮವಾರ ಬಂದೇಬಿಟ್ಟಿತು.

೬
ಕನ್ನಡ ಪಿರಿಯಡ್ಡು. ಮೇಜಿನ ಮೇಲೆ ಕೊನೆಯ ಹಾಳೆ. ಮಕ್ಕಳು ಒಬ್ಬೊಬ್ಬರಾಗಿ ಜೋರಾಗಿ ಓದುತ್ತಿದ್ದಾರೆ. ಕಾಂಚನಾ ಪೆನ್ನನ್ನು ಖಾನೆಗೆ ತಂದಳು. ಪೂರ್ಣಿಮಾಳ ಸರದಿ ಬಂತು. ಎರಡು ಅಕ್ಷರ ಓದಿದಳು, ಮೂರನೆಯದಕ್ಕೆ ಅಂಗೈ ಎತ್ತಿದಳು.

ಕಾಂಚನಾ ಪೆನ್ನು ನಿಲ್ಲಿಸಿದಳು. ಕರೆಯಲಿಲ್ಲ. ಎದ್ದು ಹೋಗಿ ಬೆನ್ನು ಮುಟ್ಟಿ ಪಕ್ಕದಲ್ಲಿ ಕೂತು, ಮೂರನೆಯ ಅಕ್ಷರದ ಮೇಲೆ ಬೆರಳಿಟ್ಟಳು.

ಖಾನೆಯಲ್ಲಿ ಏನೋ ಒಂದಕ್ಷರ ಬಿದ್ದಂತಿದೆ. ಪೆನ್ಸಿಲ್ ಚೀಟಿಯ ಮೊದಲ ಅಕ್ಷರ 'ಆ' ಇರಬಹುದು, ಬರೀ ಮಸಿಯ ಚುಕ್ಕೆಯೂ ಇರಬಹುದು. ಹತ್ತಿರ ಹೋಗಿ ನೋಡಿ ಬರೆಯೋಣವೆಂದು ನಾನು ಹಾಳೆಯತ್ತ ಬಗ್ಗಿದೆ.

ಪೂರ್ಣಿಮಾಳ ಅಂಗೈ ಇನ್ನೂ ಇಳಿದಿಲ್ಲ. ಈಗ ಅದು ನನ್ನ ಕಡೆಗಿದೆ.