ಅಮ್ಮನ ಸಾಲು

"ಸ್ವಲ್ಪ ಓರೆ ಮಾಡಿ, ಕಂಬಿಗೆ ತಾಗ್ತಿದೆ," ಎನ್ನುತ್ತ ಚಿಕ್ಕಪ್ಪ ಮೆಟ್ಟಿಲ ತಿರುವಿನಲ್ಲಿ ಅಣ್ಣನ ಶವಪೆಟ್ಟಿಗೆಯನ್ನು ಎತ್ತಿ ಹಿಡಿದ. ತಲೆಯ ಬದಿಯಲ್ಲಿದ್ದ ಅದೇ ಬೀದಿಯ ಕಟಿಂಗ್ ಶಾಪಿನವನು ಏದುಸಿರು ಬಿಡುತ್ತಿದ್ದ. ಸತ್ತವನ ಮಗಳೂ ಕೈಜೋಡಿಸಿದ್ದಳು. ಇನ್ಯಾರನ್ನಾದರೂ ಕರೆಯೋಣವೆಂದರೆ ಬೀದಿಯಲ್ಲಿ ಜನವಿರಲಿಲ್ಲ.

"ಜೀವಮಾನವಿಡೀ ಇದೇ ಮೆಟ್ಟಿಲಲ್ಲಿ ಗಾಜು ಇಳಿಸಿದವರು," ಎಂದ ಕಟಿಂಗ್ ಶಾಪಿನವನು. "ನಾವೇನಾದ್ರೂ ತಾಗಿಸಿದ್ರೆ ಎದ್ದು ಕೂತು ಬೈತಾರೆ."

ಮಗಳಿಗೆ ನಗು ಬಂದು, ಅದರ ಹಿಂದೆಯೇ ಅಳು ಬಂತು.

ಕೆಳಗೆ ವ್ಯಾನಿನ ಡ್ರೈವರ್ ಆಕಾಶ ನೋಡುತ್ತ ನಿಂತಿದ್ದ. "ಸಂಜೆಗೆ ಗಾಳಿ ಅಂದಿದಾರೆ. ಬೇಗ ಗುಡ್ಡ ಹತ್ತಬೇಕು."

"ಗುಡ್ಡ ಯಾಕೆ? ಹಳೇ ಸ್ಮಶಾನಕ್ಕೇ ಹೋಗೋದು. ಅಮ್ಮನ ಪಕ್ಕ," ಎಂದಳು ಮಗಳು.

ಚಿಕ್ಕಪ್ಪ ಕಟಿಂಗ್ ಶಾಪಿನವನ ಮುಖ ನೋಡಿದ. ಆಮೇಲೆ ಡ್ರೈವರ್‌ಗೆ ಹಳೇ ದಾರಿ ತೋರಿಸಿದ.

*

ತೀರಿಕೊಂಡ ಗಾಜಿನ ಕೆಲಸದವನ ಪ್ರಾಯದಲ್ಲಿ ಆ ಕಡಲ ಊರಿಗೆ ದೊಡ್ಡ ಗಾಳಿಯೆಂದರೆ ಒಂದೇ. "ಗಾಳಿ ವರ್ಷ ಹುಟ್ಟಿದ್ದು" ಎಂದರೆ ಮಕ್ಕಳ ವಯಸ್ಸು ಎಲ್ಲರಿಗೂ ತಿಳಿಯುತ್ತಿತ್ತು. ಆ ಗಾಳಿಗೆ ಒಡೆದ ಕಿಟಕಿಗೆ ಗಾಜು ಕೂರಿಸಲು ಹೋದ ಮನೆಯ ಹುಡುಗಿಯನ್ನೇ ಅವನು ಮದುವೆಯಾದ. "ಒಂದು ಗಾಜು ಹಾಕೋಕೆ ನಿಮ್ಮಪ್ಪ ವಾರ ಪೂರ್ತಿ ಬಂದ್ರು," ಎಂದು ಅವಳು ಮಗಳ ಮುಂದೆ ರೇಗಿಸುತ್ತಿದ್ದಳು.

ಮಗಳು ದೊಡ್ಡವಳಾಗುವಷ್ಟರಲ್ಲಿ ಗಾಳಿ ಮಳೆಗಾಲಕ್ಕೊಮ್ಮೆ ಬರತೊಡಗಿತು. ಆಮೇಲೆ ಮಳೆಗಾಲ ಮುಗಿದ ಮೇಲೂ ಬಂತು. ಗಾಳಿ ವರ್ಷವೆಂದರೆ ಯಾವ ಗಾಳಿ ಎಂದು ಕೇಳಬೇಕಾಯಿತು.

"ಗಾಜಣ್ಣ, ಗಾಳಿ ನಿಮ್ಮ ನೆಂಟನೇನ್ರೀ?" ಎಂದು ಬೀದಿಯವರು ಚುಡಾಯಿಸುತ್ತಿದ್ದರು. ಕೈತುಂಬ ಕೆಲಸವಿತ್ತು, ಅವನೂ ನಗುತ್ತಿದ್ದ. ಹೋದ ವರ್ಷ ಕೂರಿಸಿದ ಕಿಟಕಿಗೇ ಮತ್ತೆ ಮತ್ತೆ ಕರೆ ಬರತೊಡಗಿದ ಮೇಲೆ ನಗುವುದು ಬಿಟ್ಟ. ಜನ ಗಾಜಿನ ಬದಲು ತಗಡು ಹೊಡೆಸಿದರು, ಕೊನೆಗೆ ಬೀಗ ಜಡಿದು ಒಬ್ಬೊಬ್ಬರಾಗಿ ಗುಡ್ಡದಾಚೆ ಹೋದರು. ಮಗಳು ಮದುವೆಯಾಗಿ ಸೇರಿದ್ದೂ ಅಲ್ಲಿಗೇ. ಹೆಂಡತಿ ಜ್ವರ ಬಂದು ತೀರಿಕೊಂಡಳು.

ಮಗಳು ಕರೆದಾಗಲೆಲ್ಲ ಅವನದು ಒಂದೇ ಮಾತು: "ನಿಮ್ಮಮ್ಮ ಇಲ್ಲಿದ್ದಾಳಲ್ಲ."

*

ಸ್ಮಶಾನದ ಗೇಟಿನಲ್ಲಿ ವ್ಯಾನು ನಿಂತಿತು. "ಇಲ್ಲಿಂದಾಚೆ ಹೋಗಲ್ಲಮ್ಮ," ಎಂದ ಡ್ರೈವರ್.

ಮಗಳು ಇಳಿದಳು. ಗೇಟಿನ ಒಳಗೆ ಒಂದಿಷ್ಟು ಹುಲ್ಲು, ಒಂದು ಮುರಿದ ಗೋಡೆ. ಗೋಡೆಯಾಚೆ ಕಡಲ ನೀರು.

"ಅಮ್ಮನ ಸಾಲು ಇಲ್ಲೇ ಇತ್ತಲ್ಲ?"

"ಹೋಯ್ತು ತಂಗಿ," ಎಂದ ಹಿಂದೆ ಬಂದ ಕಟಿಂಗ್ ಶಾಪಿನವನು. "ಹೋದ ಸಲದ ಗಾಳಿಗೆ ಕಡಲು ಉಕ್ಕಿ ಗೋರಿಗಳ ಪೂರ್ತಿ ಸಾಲೇ ಹೋಯ್ತು."

"ಅಪ್ಪ ಹೇಳಲೇ ಇಲ್ಲ. ಪ್ರತಿ ಸಲ ಫೋನಲ್ಲಿ ಕೇಳ್ತಿದ್ದೆ, ಅಮ್ಮನ ಹತ್ರ ಹೋಗಿದ್ಯಾ ಅಂತ. ಹೋಗಿದ್ದೆ ಅಂತಿದ್ರು."

"ಹೋಗ್ತಿದ್ದದ್ದು ನಿಜ. ಈ ಗೋಡೆ ಮೇಲೆ ಕೂತಿರ್ತಿದ್ರು. ಅಂಗಡಿ ಮುಚ್ಚಿ ನಾನೇ ಬಂದು ಕರ್ಕೊಂಡು ಹೋಗ್ತಿದ್ದೆ."

"ಮತ್ತೆ ಅಪ್ಪ ನಮ್ಮನೆಗೆ ಬರಬಹುದಿತ್ತಲ್ಲ ಅಣ್ಣ? ಇಲ್ಲೇನು ಉಳಿದಿತ್ತು?"

ಚಿಕ್ಕಪ್ಪ ಅವಳ ಭುಜ ಮುಟ್ಟಿದ. "ಬಾ ಮಗಳೇ. ಹೊತ್ತಾಗತ್ತೆ."

ಗುಡ್ಡದ ಹೊಸ ಸ್ಮಶಾನದಲ್ಲಿ ಅಪ್ಪನ ಗುರುತಿನವರು ಒಬ್ಬರೂ ಇರಲಿಲ್ಲ. ಕಾವಲುಗಾರ ಅವಸರದಲ್ಲಿ ಮಣ್ಣು ಎಳೆದ. ಮಗಳು ಕೊನೆಯ ಹಿಡಿ ಹಾಕಿ ಎದ್ದಾಗ ಪಕ್ಕದಲ್ಲಿ ಸಾಲಾಗಿ ಹಾಸಿದ್ದ ನೀಲಿ ಟಾರ್ಪಾಲುಗಳು ಕಂಡವು.

"ಅದೇನು?"

"ಮುಂದಿನವರಿಗಮ್ಮ," ಎಂದ ಕಾವಲುಗಾರ. "ಗಾಳಿ ಬಂದು ಹೋದ್ಮೇಲೆ ಒಂದೇ ಸಲ ಬರ್ತಾರೆ. ನೆನೆದ ಮಣ್ಣು ಅಗೆಯೋಕಾಗಲ್ಲ. ಅದಕ್ಕೇ ಮುಂಚೇನೇ ತೋಡಿಟ್ಟಿರ್ತೀನಿ."

ಗಾಳಿ ಎದ್ದಿತು. ತುದಿಯ ಟಾರ್ಪಾಲು ಪಟಪಟನೆ ಬಡಿದುಕೊಂಡು ಒಂದು ಮೂಲೆ ಮೇಲೆದ್ದಿತು. ಕೆಳಗೆ ಚೊಕ್ಕವಾಗಿ ಕಡಿದ ಖಾಲಿ ಗುಂಡಿ. ಕಾವಲುಗಾರ ಕಲ್ಲು ತರಲು ಓಡಿದ. ಅವನು ಬರುವವರೆಗೆ ಮಗಳು ಆ ಮೂಲೆಯ ಬಳಿ ಕೂತು, ಎರಡೂ ಕೈಗಳಿಂದ ಅದನ್ನು ಒತ್ತಿ ಹಿಡಿದಳು.