ಅರ್ಧ ಸೌಟು ಮತ್ತು ಸುಣ್ಣದ ಗುರುತಿನ ಕಲ್ಲು

"ಸಾರಿಗೆ ಉಪ್ಪು ಹಾಕಿವ್ನಿ. ನೀನೂ ಹಾಕ್‌ಬ್ಯಾಡ."

ಪುಟ್ಟೀರಯ್ಯನಿಗೆ ಅವನ ಹೆಂಡತಿ ಚನ್ನಾಜಮ್ಮ ಹೇಳಿದ ಕೊನೆಯ ಮಾತು ಇದು. ಹೇಳಿ ಕಂಬಕ್ಕೆ ಒರಗಿ ಕೂತಳು. ಅವನು ಉಪ್ಪು ಹಾಕಲಿಲ್ಲ. ಸಾರು ಕುದಿಯಿತು. ಇಳಿಸೋಣ, ಒಂದು ಕೈ ಹಿಡಿ ಅಂತ ಕರೆದ. ಅವಳು ಏಳಲಿಲ್ಲ.

ಅದು ಒಂದು ಊರು. ಹೆಸರು ಬೇಡ. ಒಂದು ಕೆರೆ, ಅರವತ್ತು ಮನೆ, ಒಂದು ಅಡಿಗೆಮನೆ. ಮನೆಗೊಬ್ಬರಂತೆ ಕೆರೆ ಕೆಲಸಕ್ಕೆ ಬರಬೇಕು. ಹೂಳು ಎತ್ತಬೇಕು, ಏರಿಗೆ ಮಣ್ಣು ಹಾಕಬೇಕು. ಬಂದವರಿಗೆ ಮಧ್ಯಾಹ್ನ ಊರಿನ ಊಟ. ಗಂಡ ಹೆಂಡತಿ ಮೂವತ್ತು ವರ್ಷ ಒಂದೇ ತಾಮ್ರದ ಕೊಪ್ಪರಿಗೆಯಲ್ಲಿ ಬೇಯಿಸಿ ಬಡಿಸಿದ್ದರು. ಈಗ ಗಂಡ ಒಬ್ಬನೇ. ಕೊಪ್ಪರಿಗೆ ಉಜ್ಜುವಾಗ ಮಾತ್ರ ಅವನು ಮಾತಾಡುತ್ತಿದ್ದ. ಯಾರ ಜೊತೆ ಅಂತ ಯಾರೂ ಕೇಳುತ್ತಿರಲಿಲ್ಲ.

ಆ ಕೆರೆ ಸಾಲದ ಕೆರೆ. ಕಟ್ಟುವಾಗ ಮೇಲಿನ ಊರಿನಿಂದ ಭತ್ತ ತಂದಿದ್ದರು. ಆಗ ಓದು ಬರಹ ಬಲ್ಲವರು ಯಾರೂ ಇರಲಿಲ್ಲ. ಅದಕ್ಕೆ ಸಾಲವನ್ನು ಕಲ್ಲಲ್ಲಿ ಇಟ್ಟರು. ಒಂದು ಮೂಟೆಗೆ ಒಂದು ಕಲ್ಲು, ಸಿಪ್ಪೆ ಸಮೇತ ತೆಂಗಿನಕಾಯಿಯಷ್ಟು ದಪ್ಪ. ಕಲ್ಲಿನ ಮೇಲೆ ಮೇಲಿನ ಊರಿನ ಸುಣ್ಣದ ಗುರುತು. ತೀರಿಸಿದಷ್ಟು ಕಲ್ಲು ತೆಗೆಯುವುದು, ಬಡ್ಡಿ ಬೆಳೆದಷ್ಟು ಸೇರಿಸುವುದು.

ಸುಗ್ಗಿ ಮುಗಿದ ಮೇಲೆ ದೊಡ್ಡ ತಕ್ಕಡಿ ಕಟ್ಟುತ್ತಿದ್ದರು. ಒಂದು ತಟ್ಟೆಯಲ್ಲಿ ಆ ಕಲ್ಲು. ಇನ್ನೊಂದರಲ್ಲಿ ಕೆರೆ ಕೆಲಸದ ಅರವತ್ತು ಜನ. ಜನ ಕೆಳಗೆ ಬಂದರೆ ಸಾಲ ಇನ್ನೊಂದು ವರ್ಷ ಮುಂದಕ್ಕೆ. ಕಲ್ಲು ಕೆಳಗೆ ಬಂದರೆ ಕೊಪ್ಪರಿಗೆ ಮೇಲಿನ ಊರಿಗೆ.

ಕಲ್ಲು ಹೆಚ್ಚುತ್ತಾ ಬಂತು. ಊರಿಗೆ ಹೊಸ ಶಾನುಭೋಗರು ಬಂದರು. ಬಂದವರೇ ಖರ್ಚು ಕಡಿಮೆ ಮಾಡಿ ಅಂದರು. ಗೌಡರು ಸ್ನಾನಕ್ಕೆ ಹೋಗುವಾಗ ಓಲಗ ಊದಲು ಮೂರು ಜನ ಇದ್ದರು. ಅವರನ್ನು ತೆಗೆದರು. ಐದು ಮೂಟೆ ಉಳಿಯಿತು, ಐದು ಕಲ್ಲು ಇಳಿಯಿತು. ಆ ವರ್ಷ ಜನರ ತಟ್ಟೆ ಚೆನ್ನಾಗಿ ಕೆಳಗೆ ಬಂತು. ಗೌಡರು ಮಾತ್ರ ನಾಲ್ಕು ದಿನ ಬಚ್ಚಲ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದರು.

ಶಾನುಭೋಗರಿಗೆ ಧೈರ್ಯ ಬಂತು. ಚನ್ನಾಜಮ್ಮ ತೀರಿಕೊಂಡ ಹನ್ನೆರಡನೆಯ ದಿನ ಅಡಿಗೆಮನೆಗೆ ಬಂದರು.

"ಇವತ್ತಿನಿಂದ ಅರ್ಧ ಸೌಟು ಕಣಯ್ಯ. ವರ್ಷಕ್ಕೆ ನಲವತ್ತು ಮೂಟೆ ಉಳಿಯುತ್ತೆ. ನಲವತ್ತು ಕಲ್ಲು ಇಳಿಯುತ್ತೆ."

ಪುಟ್ಟೀರಯ್ಯ ಸೌಟು ನೋಡಿದ. "ಆ ಕಡೆ ತಟ್ಟೇಲಿ ನಿಲ್ಲೋರು ಇಲ್ಲಿ ಉಣ್ಣೋರೇ ಅಲ್ವಾ ಬುದ್ಧಿ?"

"ಸೌಟು ನೀನು ನೋಡ್ಕೊ. ಕಲ್ಲು ನಾನು ನೋಡ್ಕೋತೀನಿ. ಓಲಗದವರನ್ನ ತೆಗೆದಾಗ ಊರು ಮುಳುಗಿತಾ?"

ಪುಟ್ಟೀರಯ್ಯ ಯೋಚನೆ ಮಾಡಿದ. ಅವನ ಯೋಚನೆ ನಿಧಾನ.

"ಓಲಗಾನ ಯಾರೂ ಉಣ್ತಿರ್ಲಿಲ್ಲ ಬುದ್ಧಿ."

ಅಷ್ಟರಲ್ಲಿ ಶಾನುಭೋಗರು ಹೊರಟುಹೋಗಿದ್ದರು.

ವರ್ಷ ಕಳೆಯಿತು. ಶಾನುಭೋಗರು ಮಾತಿಗೆ ತಪ್ಪುವವರಲ್ಲ. ನಲವತ್ತು ಮೂಟೆ ಮೇಲಿನ ಊರಿಗೆ ಹೋಯಿತು. ನಲವತ್ತು ಕಲ್ಲು ತಟ್ಟೆಯಿಂದ ಇಳಿದು ಅಡಿಗೆಮನೆಯ ಹಿತ್ತಲಲ್ಲಿ ರಾಶಿಯಾಯಿತು. ಅವರು ದಿನಾ ಬೆಳಿಗ್ಗೆ ಬಂದು ಆ ರಾಶಿ ನೋಡಿ ಹೋಗುತ್ತಿದ್ದರು. ಜನರನ್ನು ನೋಡಲು ಪುರುಸೊತ್ತಿರಲಿಲ್ಲ. ಒಬ್ಬ ಹೊರುತ್ತಿದ್ದ ಮಣ್ಣಿನ ಮಂಕರಿಯನ್ನು ಈಗ ಇಬ್ಬರು ಹೊರುತ್ತಿದ್ದರು. ಮೂರನೆಯವನು ಅವರಿಬ್ಬರನ್ನು ಎಬ್ಬಿಸುತ್ತಿದ್ದ. ಹೂಳು ಕೆರೆಯಲ್ಲೇ ಉಳಿಯಿತು. ಕೊನೆಯ ಗದ್ದೆಗಳಿಗೆ ನೀರು ಹೋಗಲಿಲ್ಲ.

ತೂಕದ ದಿನ ಮೇಲಿನ ಊರಿನ ಸಾಲ ನೋಡಿಕೊಳ್ಳುವ ಪಾರುಪತ್ಯಗಾರ ಕುದುರೆ ಮೇಲೆ ಬಂದ. ಅರವತ್ತು ಜನ ತಟ್ಟೆ ಹತ್ತಿದರು. ತಟ್ಟೆ ಮೇಲಕ್ಕೆ ಹೋಯಿತು.

ಶಾನುಭೋಗರು ತಕ್ಕಡಿಯ ಹಗ್ಗ ನೋಡಿದರು. ದಂಡ ನೋಡಿದರು. ಕಲ್ಲನ್ನು ಮುಟ್ಟಿ ನೋಡಿದರು.

"ಹೋದ ವಾರ ಮಳೆ ಬಂತಲ್ಲ," ಅಂದರು. "ಕಲ್ಲು ನೆನೆದಿದೆ."

"ನೆನೆದಿದ್ರೆ ಒಣಗಲಿ," ಅಂದ ಪಾರುಪತ್ಯಗಾರ. "ಎಂಟು ದಿನ ಬಿಟ್ಟು ಬರ್ತೀನಿ." ಹೋಗುವಾಗ ಕೊಪ್ಪರಿಗೆಯನ್ನು ಬೆರಳ ಗೆಣ್ಣಿನಿಂದ ಟಣ್ ಅನ್ನಿಸಿದ. "ಒಳ್ಳೆ ತಾಮ್ರ."

ಪುಟ್ಟೀರಯ್ಯ ಆ ಜಾಗವನ್ನು ಪಂಚೆಯ ತುದಿಯಿಂದ ಒರೆಸಿದ.

ಶಾನುಭೋಗರು ಕೂತು ಆಲೋಚಿಸಿದರು. ಎಂಟು ದಿನ ಕಾಲು ಸೌಟು ಅಂದರು.

ಎಂಟನೆಯ ದಿನ ಬೆಳಿಗ್ಗೆ ಪುಟ್ಟೀರಯ್ಯನಿಗೆ ಒಂದು ಯೋಚನೆ ಬಂತು. ಮೈಮೇಲೆ ಒಂದು ಕಲ್ಲು ಕಟ್ಟಿಕೊಂಡು ತಟ್ಟೆ ಹತ್ತಿದರೆ? ತಪ್ಪು ಅನ್ನಿಸಿತು. ಕೊಪ್ಪರಿಗೆ ನೋಡಿದ. ಹಿತ್ತಲಿಗೆ ಹೋದ. ರಾಶಿ ಇರಲಿಲ್ಲ. ನೆಲದಲ್ಲಿ ನಲವತ್ತು ಗುಳಿ ಇತ್ತು.

ತಕ್ಕಡಿಯ ಹತ್ತಿರ ಜನ ಬಂದರು. ಹೆಚ್ಚಿನವರು ಕಂಬಳಿ ಹೊದ್ದು ಬಂದರು, ಬಿಸಿಲಲ್ಲಿ. ಕೈಕಾಲು ಹಂಚಿಕಡ್ಡಿ, ಹೊಟ್ಟೆ ಮಾತ್ರ ಮುಂದಕ್ಕೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊಟ್ಟೆ ಬಂದ ಪ್ರತಿಯೊಬ್ಬನೂ ತಾನೊಬ್ಬನೇ ಕಳ್ಳ ಅಂದುಕೊಂಡಿದ್ದ.

"ಹೊಟ್ಟೆ ಬಂದಿದೆಯಲ್ರಯ್ಯಾ ನಿಮಗೆ!" ಅಂದ ಪಾರುಪತ್ಯಗಾರ.

"ಊರಲ್ಲಿ ಈಗ ಸುಖ ಬುದ್ಧಿ," ಅಂತ ಒಬ್ಬ ಉಸಿರು ಬಿಗಿಹಿಡಿದು ಹೇಳಿದ.

ಹತ್ತಿದರು. ತಟ್ಟೆ ದಡ್ ಅಂತ ನೆಲಕ್ಕೆ ಬಂತು. ಆ ಕಡೆಯ ಸಾಲ ಗಾಳಿಯಲ್ಲಿ ತೂಗಾಡಿತು.

ಪಾರುಪತ್ಯಗಾರ ಬಾಯಿ ಬಿಟ್ಟು ನಿಂತ. "ಏನು ಹಾಕಿದಿರಿ ಇವರಿಗೆ?"

"ಕಾಲು ಸೌಟು," ಅಂದರು ಶಾನುಭೋಗರು.

"ಕಾಲು ಸೌಟಿಗೆ ಇಷ್ಟು ತೂಕವೇ! ನಾವು ದಡ್ಡರಪ್ಪ, ಮೂರು ಸೌಟು ಹಾಕ್ತಾ ಇದೀವಿ. ನಾಳೆಯಿಂದ ನಮ್ಮೂರಲ್ಲೂ ಕಾಲು ಸೌಟೇ."

ಶಾನುಭೋಗರು ಅಲ್ಲೇ ನಿಂತು ಸಾರಿದರು. "ಕಡಿಮೆ ತಿಂದಷ್ಟೂ ಊರಿಗೆ ತೂಕ. ನಾಳೆಯಿಂದ ಸೌಟೇ ಬೇಡ. ಅಡಿಗೆಮನೆಗೆ ಬೀಗ. ಕೊಪ್ಪರಿಗೆ ಮಾರಿ ಇನ್ನಷ್ಟು ಕಲ್ಲು ಇಳಿಸೋಣ."

ಜನ ಚಪ್ಪಾಳೆ ತಟ್ಟಬೇಕಿತ್ತು. ಕೈ ಎತ್ತಿದರೆ ಕಲ್ಲು ಬೀಳುತ್ತದೆ. ಕಂಬಳಿ ಬಿಗಿಹಿಡಿದು ನಿಂತರು.

ಆಮೇಲೆ ಒಬ್ಬೊಬ್ಬರೇ ಇಳಿದರು. ಶಾನುಭೋಗರ ಮನೆಯ ಪರವಾಗಿ ಶಾನುಭೋಗರೇ ತಟ್ಟೆಯಲ್ಲಿದ್ದರು. ಅವರು ಇಳಿಯುವಾಗ ಪಂಚೆಯೊಳಗಿಂದ ಏನೋ ಜಾರಿ ಪುಟ್ಟೀರಯ್ಯನ ಕಾಲ ಹತ್ತಿರ ಬಿತ್ತು. ದುಂಡಗಿತ್ತು. ಸುಣ್ಣದ ಗುರುತಿತ್ತು. ಶಾನುಭೋಗರು ಮೇಲೆ ಆಕಾಶ ನೋಡಿದರು. ಪುಟ್ಟೀರಯ್ಯ ಅದರ ಮೇಲೆ ತನ್ನ ಕಂಬಳಿ ಹಾಕಿದ.

ಪಾರುಪತ್ಯಗಾರ ಅಂದು ಶಾನುಭೋಗರ ಮನೆಯಲ್ಲೇ ಉಳಿದುಕೊಂಡ. ಅಡಿಗೆಮನೆಗೆ ಸಂಜೆಯೇ ಬೀಗ ಬಿತ್ತು. ಬೀಗ ಹಾಕುವ ಮೊದಲು ಪುಟ್ಟೀರಯ್ಯ ಕೊಪ್ಪರಿಗೆಯನ್ನು ಉಜ್ಜುತ್ತೇನೆ ಅಂತ ಹೊರಗೆ ಉರುಳಿಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ಅವನು ಶಾನುಭೋಗರ ಮನೆಯ ಮುಂದೆ ಮೂರು ಕಲ್ಲು ಇಟ್ಟ. ಎರಡು ತನ್ನ ಅಕ್ಕಪಕ್ಕದ ಮನೆಯವರು ನಿನ್ನೆಯ ಕಂಬಳಿಯಿಂದ ತೆಗೆದುಕೊಟ್ಟಿದ್ದು. ಒಂದು ಶಾನುಭೋಗರದ್ದು. ಮೂರರ ಸುಣ್ಣದ ಗುರುತೂ ಬಾಗಿಲ ಕಡೆಗಿತ್ತು. ಕೊಪ್ಪರಿಗೆಯನ್ನು ಪಕ್ಕದಲ್ಲಿ ಇಟ್ಟ.

ಶಾನುಭೋಗರು ಬಾಗಿಲು ತೆರೆದರು. ಒಳಗೆ ಪಾರುಪತ್ಯಗಾರ ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಿತ್ತು.

"ಗುರುತು ಆ ಕಡೆ ತಿರುಗಿಸೋ," ಅಂದರು ಶಾನುಭೋಗರು, ಹಲ್ಲು ಕಚ್ಚಿ.

"ಅಕ್ಕಿ ಬಂದ್ರೆ ತಿರುಗ್ತದೆ ಬುದ್ಧಿ."

"ಎಷ್ಟು?"

"ಪೂರಾ ಸೌಟಿಗೆ ಎಷ್ಟು ಬೇಕೋ ಅಷ್ಟು. ಅರವತ್ತು ಎಲೆಗೆ."

ಒಳಗಿನ ಸದ್ದು ನಿಂತಿತು. ಹೆಜ್ಜೆ ಈ ಕಡೆ ಬರುತ್ತಿತ್ತು. ಶಾನುಭೋಗರು ಕಣಜದ ಕಡೆ ಓಡಿದರು. ತಾವೇ ಮೂಟೆ ಎಳೆದು ತಂದರು.

ಪುಟ್ಟೀರಯ್ಯ ಮೂರೂ ಕಲ್ಲಿನ ಗುರುತು ಒಳಗೆ ತಿರುಗಿಸಿದ. ಮೇಲೆ ಕೊಪ್ಪರಿಗೆ ಕೂರಿಸಿ ನೀರು ತುಂಬಿಸಿದ. ಬೆಂಕಿ ಹಚ್ಚಿದ.