ಮುಯ್ಯಾಳಿನ ಹೆಸರು

"ಈ ಹೊಂಡ ತೋಡಿದವರು ಯಾರು?"

ವಿಜ್ಞಾನ ಮೇಳದ ತೀರ್ಪುಗಾರ್ತಿ ಮೇಡಂ ಬೆರಳಿಟ್ಟು ತೋರಿಸುತ್ತಿದ್ದದ್ದು ಹಲಗೆಗೆ ಅಂಟಿಸಿದ್ದ ಫೋಟೋವನ್ನು. ತೊರೆಯ ಪಕ್ಕದಲ್ಲೊಂದು ಸೊಂಟದಾಳದ ಹೊಂಡ, ಅದರ ತುಂಬ ಒಣಹುಲ್ಲು, ಹುಲ್ಲಿನ ಮೇಲೆ ಹೊಳೆಗಲ್ಲುಗಳು.

"ನಾನೇ ಮೇಡಂ," ಎಂದಳು ಜೆನೈದಾ.

"ಒಬ್ಬಳೇ?"

ಬೆಳಗಿನ ಸುತ್ತಿನಲ್ಲಿ ಇದೇ ಮೇಡಂ ಟೊಕೋಶಿನ ಬಾಟಲಿಯ ಮುಚ್ಚಳ ತೆಗೆದು ಮೂಸಿ, "ಅಬ್ಬಬ್ಬಾ, ನಮ್ಮಜ್ಜಿ ಅಡುಗೆಮನೆಗೇ ಹೋಗಿಬಂದ ಹಾಗಾಯ್ತು" ಎಂದು ಮೂಗು ಮುಚ್ಚಿಕೊಂಡು ನಕ್ಕಿದ್ದರು. ಅಕ್ಕಪಕ್ಕದ ಮೇಜಿನ ಹುಡುಗರು ಮಾತ್ರ ಸತ್ತ ಇಲಿ ತಂದಿದ್ದಾಳೆಂದು ಗೇಲಿ ಮಾಡಿದ್ದರು. ಆಲೂಗಡ್ಡೆಯನ್ನು ತಿಂಗಳುಗಟ್ಟಲೆ ಅಂಥ ಹೊಂಡದಲ್ಲಿ, ಹರಿಯುವ ನೀರಿನಲ್ಲಿ ಹೂತಿಟ್ಟು ಕೊಳೆಸಿ ಮಾಡುವ ಟೊಕೋಶಿನ ವಾಸನೆ ಅದು. ಅವರ ಬೆಟ್ಟದೂರುಗಳಲ್ಲಿ ಬಾಣಂತಿಗೂ ಹೊಟ್ಟೆ ಕೆಟ್ಟವರಿಗೂ ಅದರದೇ ಗಂಜಿ. ಟೊಕೋಶಿನ ನೀರು ಸವರಿದ ಬ್ರೆಡ್ಡಿಗೆ ಬೂಷ್ಟು ಹಿಡಿಯುವುದಿಲ್ಲ, ಸವರದ ಬ್ರೆಡ್ಡಿಗೆ ಹಿಡಿಯುತ್ತದೆ ಎಂಬುದನ್ನು ಜೆನೈದಾ ಸಾಲಾಗಿ ಗಾಜಿನ ಡಬ್ಬಿಗಳಲ್ಲಿಟ್ಟು ತೋರಿಸಿದ್ದಳು. ಮೇಡಂ ಒಂದೊಂದು ಡಬ್ಬಿಯನ್ನೂ ಎತ್ತಿ ನೋಡಿ, "ತುಂಬಾ ಅಚ್ಚುಕಟ್ಟು ಮಗಳೇ" ಎಂದಿದ್ದರು. ಈಗ ಅದೇ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ನಿಜ ಹೇಳು. ಯಾರಾದ್ರೂ ಸಹಾಯ ಮಾಡಿದ್ರಾ?"

ಜೆನೈದಾಳ ಕಣ್ಣು ತಾನಾಗಿಯೇ ಸಭಾಂಗಣದ ಆಚೆ ಬದಿಗೆ ಹೋಯಿತು. ಅಲ್ಲಿ ಅವಳದೇ ಶಾಲೆಯ ಗೆಳತಿ ಯಾನಿನಾ ತನ್ನ ಪ್ರಾಜೆಕ್ಟಾದ ಬಿಸಿಲೊಲೆಯ ಮುಂದೆ ನಿಂತು ಅದರ ಹೊಳೆಯುವ ತಗಡನ್ನು ಲಂಗದ ಅಂಚಿನಿಂದ ಒರೆಸುತ್ತಿದ್ದಳು. ಇತ್ತ ನೋಡಲಿಲ್ಲ.

ಸಹಾಯ ಮಾಡಿದ್ದವಳು ಯಾನಿನಾನೇ. ಅದನ್ನು ಸಹಾಯ ಎಂದು ಯಾರೂ ಕರೆಯುವುದಿಲ್ಲ, ಅದು ಮುಯ್ಯಾಳು. ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು. ಆ ಊರಿನಲ್ಲಿ ಸೂರು ಹೊದಿಸುವುದರಿಂದ ಹಿಡಿದು ಕಾಲುವೆ ಹೂಳೆತ್ತುವವರೆಗೆ ಎಲ್ಲವೂ ನಡೆಯುವುದು ಹಾಗೆ. ಹೋದ ವರ್ಷ ಯಾನಿನಾ ಕಳ್ಳಿಯ ಲೋಳೆಯಿಂದ ಕೆಸರು ನೀರು ತಿಳಿಯಾಗಿಸುವ ಪ್ರಾಜೆಕ್ಟ್ ಮಾಡಿದಾಗ ಕಳ್ಳಿ ಕಡಿದು, ಮುಳ್ಳು ಕಿತ್ತು, ಅಂಗೈ ತುಂಬ ಗಾಯ ಮಾಡಿಕೊಂಡವಳು ಜೆನೈದಾ. ಬಹುಮಾನ ಬಂದಾಗ ವೇದಿಕೆ ಹತ್ತಿದವಳು ಯಾನಿನಾ. ಅದರಲ್ಲಿ ತಪ್ಪೇನೂ ಜೆನೈದಾಳಿಗೆ ಕಂಡಿರಲಿಲ್ಲ. ಬೇರೆಯವರ ಹೊಲದಲ್ಲಿ ದುಡಿದವಳು ಬೆಳೆ ನನ್ನದೆಂದು ಹೇಳಿಕೊಂಡು ತಿರುಗುತ್ತಾಳೆಯೇ? ಈ ವರ್ಷ ಯಾನಿನಾ ಬಂದು ಹೊಂಡ ತೋಡಲು ಕೈಜೋಡಿಸಿದಳು, ಹೊಳೆಗಲ್ಲು ಹೊತ್ತಳು. ಜೆನೈದಾ ಅಮ್ಮನ ಜೊತೆ ಸಂತೆಗೆ ಹೋದ ದಿನಗಳಲ್ಲಿ ಬ್ರೆಡ್ಡಿನ ಡಬ್ಬಿಗಳನ್ನು ನೋಡಿ ಬೂಷ್ಟಿನ ಅಳತೆ ಬರೆದಿಟ್ಟವಳೂ ಅವಳೇ. ಅಲ್ಲಿಗೆ ಲೆಕ್ಕ ಸಮವಾಗಿತ್ತು.

"ನೆರವು ಪಡೆದರೆ ಹೆಸರು ಬರೀಬೇಕು ಅಂತ ನಿಯಮದಲ್ಲಿದೆ. ಓದಿಲ್ವಾ?" ಮೇಡಂ ಕೇಳಿದರು. "ಇನ್ನೊಂದು ಪ್ರಾಜೆಕ್ಟಿಗೆ ಹೆಸರು ಕೊಟ್ಟ ವಿದ್ಯಾರ್ಥಿಯಂತೂ ಇದರಲ್ಲಿ ಕೈಯೇ ಹಾಕೋ ಹಾಗಿಲ್ಲ."

ಓದಿದ್ದಳು. ಓದಿಯೇ ತರಸೋನಾ ಮೇಷ್ಟ್ರ ಬಳಿ ಹೋಗಿ, ಯಾನಿನಾಳ ಹೆಸರು ಬರೆಯಲೇ ಎಂದು ಕೇಳಿದ್ದಳು. ಮೇಷ್ಟ್ರು ಸೀಮೆಸುಣ್ಣದ ಕೈ ಝಾಡಿಸಿಕೊಂಡು, "ಹುಚ್ಚು ಹುಡುಗಿ, ಬರೆದ್ರೆ ಇಬ್ಬರದೂ ಹೋಗುತ್ತೆ. ಹೋದ ವರ್ಷ ನಿನ್ನ ಹೆಸರು ಬರೆದಿದ್ವಾ? ಯಾರೂ ಕೇಳಲ್ಲ, ಸುಮ್ನಿರು" ಎಂದಿದ್ದರು.

ಆ ಮೇಷ್ಟ್ರು ಈಗ ಮೇಡಂನ ಹಿಂದೆಯೇ ನಿಂತಿದ್ದರು. ಜೆನೈದಾ ಅವರ ಮುಖ ನೋಡಿದಳು. ಒಂದು ಮಾತು ಆಡಿದ್ದರೆ ಸಾಕಿತ್ತು.

"ಮೇಷ್ಟ್ರಿಗೆ ಗೊತ್ತು ಮೇಡಂ," ಎಂದಳು. "ಮೇಷ್ಟ್ರೇ, ನೀವೇ ಹೇಳಿದ್ರಲ್ಲ..."

ತರಸೋನಾ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಒಂದು ಶಾಲೆಯಿಂದ ಒಂದೇ ಪ್ರಾಜೆಕ್ಟ್ ಮುಂದಿನ ಸುತ್ತಿಗೆ ಹುವಾರಾಸ್ ಪಟ್ಟಣಕ್ಕೆ ಹೋಗಬಹುದು. ಒಂದು ಬಿದ್ದರೂ ಇನ್ನೊಂದು ಉಳಿಯುತ್ತದೆಂದು ಅವರ ತಲೆ ಆಗಲೇ ಲೆಕ್ಕ ಹಾಕಿ ಮುಗಿಸಿತ್ತು.

"ನನ್ನ ಗಮನಕ್ಕೆ ಬಂದಿರಲಿಲ್ಲ ಮೇಡಂ," ಎಂದರು. "ಮಕ್ಕಳು ಮನೆ ಹತ್ರ ಏನು ಮಾಡ್ತಾವೋ, ಎಲ್ಲ ಕಡೆ ನಾವು ಕಣ್ಣಿಡೋಕಾಗುತ್ತಾ?"

ಜೆನೈದಾ ಅಳಲಿಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳಿದ ಆ ಬಾಯಿಯನ್ನೇ ದಿಟ್ಟಿಸಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ನನಗೂ ಬೇಜಾರೇ," ಎಂದರು ಮೇಡಂ, ದನಿ ಸ್ವಲ್ಪ ಮೆತ್ತಗಾಗಿತ್ತು. "ಆದರೆ ಸಹಾಯ ಮಾಡಿದ ಹುಡುಗಿಯೇ ನಮ್ಮ ಮೇಜಿಗೆ ಬಂದು ಹೇಳಿದ ಮೇಲೆ ನಾವು ಕಣ್ಣು ಮುಚ್ಚಿಕೊಂಡಿರೋಕೆ ಆಗಲ್ಲ. ತಾನಾಗಿ ಒಪ್ಪಿಕೊಂಡಳು ಅಂತ ಅವಳದನ್ನ ಉಳಿಸಿದ್ದೀವಿ."

ಮೇಡಂ ಹಲಗೆಯ ಮೇಲಿನ ಸಂಖ್ಯೆಯ ಚೀಟಿಯನ್ನು ಕಿತ್ತುಕೊಂಡು ಹೋದರು.

ಹುವಾರಾಸಿನಲ್ಲಿ ಗೆದ್ದವರಿಗೆ ಅಲ್ಲಿನ ವಸತಿ ಶಾಲೆಯಲ್ಲಿ ಜಾಗ, ಊಟ, ಹಾಸಿಗೆ. ಅದೊಂದು ಬಾಗಿಲು ಬಿಟ್ಟರೆ ಜೆನೈದಾಳಿಗಿದ್ದದ್ದು ಲಿಮಾದ ಬಾಗಿಲು. ಅಲ್ಲಿ ಯಾರದೋ ಮನೆಯ ಮಗುವನ್ನು ನೋಡಿಕೊಳ್ಳುವ ಕೆಲಸವನ್ನು ದೊಡ್ಡಮ್ಮ ಆಗಲೇ ಗೊತ್ತುಮಾಡಿಟ್ಟಿದ್ದಳು. ಇದು ಯಾನಿನಾಳಿಗೆ ಗೊತ್ತಿತ್ತು. ಹೊಂಡದ ಅಂಚಿನಲ್ಲಿ ಕೂತು ಹುರಿದ ಜೋಳ ತಿನ್ನುತ್ತ ಜೆನೈದಾ ತಾನೇ ಹೇಳಿಕೊಂಡಿದ್ದಳು. ಅವಳನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ಜೆನೈದಾ ಸೀದಾ ಬಿಸಿಲೊಲೆಯ ಮೇಜಿಗೆ ಹೋದಳು.

"ಯಾಕೇ ಹೇಳ್ದೆ?"

ಯಾನಿನಾ ತಗಡು ಒರೆಸುವುದನ್ನು ನಿಲ್ಲಿಸಲಿಲ್ಲ. "ಕೇಳಿದ್ರು ಕಣೇ, ಹೇಳ್ದೆ. ಸುಳ್ಳು ಹೇಳ್ಬೇಕಿತ್ತಾ?"

"ಅವರು ಕೇಳಿಲ್ಲ. ನೀನೇ ಹೋಗಿ ಹೇಳಿದ್ದು."

ಯಾನಿನಾಳ ಕೈ ನಿಂತಿತು. ಕಿವಿ ಕೆಂಪಾಯಿತು. ಆದರೆ ಸೋಲುವವಳಲ್ಲ ಅವಳು, ಚಿಕ್ಕಂದಿನಿಂದಲೂ.

"ಸರಿ, ಹೇಳ್ದೆ. ಏನೀಗ? ನಿಜ ತಾನೇ ಹೇಳಿದ್ದು?"

"ಹಾಗಾದ್ರೆ ಹೋದ ವರ್ಷದ್ದು?"

"ಹೋದ ವರ್ಷದ್ದು ಮುಗಿದುಹೋಯ್ತಲ್ಲ." ಯಾನಿನಾ ದನಿ ತಗ್ಗಿಸಿದಳು. "ನೀನೇ ಯಾಕೆ ಹೋಗ್ಬೇಕೇ ಹುವಾರಾಸಿಗೆ? ಆ ಮೇಡಂ ನಿನ್ನ ಬಾಟ್ಲಿ ಹಿಡ್ಕೊಂಡು ಮೆರೆದಿದ್ದೇನು, ನನ್ನ ಒಲೆ ಹತ್ರ ಅರೆಗಳಿಗೆ ನಿಲ್ಲಲಿಲ್ಲ. ನನಗೂ ಆಸೆ ಇರಲ್ವಾ?"

ಹೋದ ವರ್ಷದ ಮಾತನ್ನು ಮೇಡಂನ ಕಿವಿಗೆ ಹಾಕಿದರೆ ಬಿಸಿಲೊಲೆಯ ಚೀಟಿಯೂ ಹಾರಿಹೋಗಬಹುದಿತ್ತು. ಜೆನೈದಾ ತೀರ್ಪುಗಾರರ ಮೇಜಿನತ್ತ ಎರಡು ಹೆಜ್ಜೆ ಇಟ್ಟದ್ದೂ ಹೌದು. ಅಲ್ಲಿ ತಲುಪಿ ಏನೆನ್ನಬೇಕೆಂದು ಯೋಚಿಸಿದಾಗ, ಮುಯ್ಯಾಳಾಗಿ ಹೋದ ಕೆಲಸವನ್ನು ನಾನು ಮಾಡಿದೆ ನಾನು ಮಾಡಿದೆ ಎಂದು ಕೂಗಿ ಹೇಳುವುದು ಅವಳಿಗೆ ಅಸಹ್ಯವೆನಿಸಿತು. ತಿರುಗಿ ಬಂದು ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬಿದಳು. ವ್ಯಾನಿನಲ್ಲಿ ಊರಿಗೆ ಬರುವಾಗ ಮೇಷ್ಟ್ರೂ ಯಾನಿನಾನೂ ಮುಂದಿನ ಸೀಟಿನಲ್ಲಿ ಕೂತು ಹುವಾರಾಸಿನ ಮಾತಾಡುತ್ತಿದ್ದರು.

ಅಮ್ಮ ಎಲಾಡಿಯಾ ಎಲ್ಲವನ್ನೂ ಒಲೆಯ ಮುಂದೆ ಕೂತೇ ಕೇಳಿದಳು. ಮೇಷ್ಟ್ರನ್ನು ಬಾಯಿತುಂಬ ಬೈದಳು. ಯಾನಿನಾಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊನೆಗೆ, "ನಾಳೆ ಯಾನಿನಾ ಮನೆಯವರ ಹೊಲದಲ್ಲಿ ಆಲೂಗಡ್ಡೆ ಅಗೆತ. ನನ್ನ ಭುಜ ಏಳ್ತಿಲ್ಲ, ನೀನೇ ಹೋಗ್ಬೇಕು" ಎಂದಳು.

"ಸತ್ತರೂ ಹೋಗಲ್ಲ."

"ನಮ್ಮ ಸೂರು ಹೊದಿಸೋ ದಿನ ತೆಯೋಫಿಲಾ ಬಂದು ಕತ್ತಲಾಗೋವರೆಗೆ ದುಡಿದಿದ್ದಾಳೆ. ಅದರ ಆಳು ನಾವಿನ್ನೂ ಕೊಟ್ಟಿಲ್ಲ."

"ಅವಳ ಮಗಳು ನನಗೆ ಮಾಡಿದ್ದು?"

"ಅವಳ ಮೋಸ ಅವಳಿಗಿರಲಿ," ಎಂದಳು ಅಮ್ಮ. "ನಾವು ಕೊಡಬೇಕಾದ ಆಳನ್ನ ನಾವು ಕೊಡೋಣ. ನಾಳೆ ಯಾರೂ ನಮ್ಮ ಕಡೆ ಬೆರಳು ತೋರಿಸಬಾರದು."

ಜೆನೈದಾ ಹೋದಳು. ನೀರು ಹಾಯಿಸಿ ಬೆಳೆದ ಮುಂಚಿನ ಬೆಳೆ, ಮಣ್ಣು ಸಡಿಲವಾಗಿತ್ತು. ಸಾಲಿನ ತುದಿಯಲ್ಲಿ ನಿಂತು ಗುದ್ದಲಿ ಎತ್ತಿದವಳು ತಲೆಯೆತ್ತಲಿಲ್ಲ. ಯಾನಿನಾ ಹೊಲದಲ್ಲಿರಲಿಲ್ಲ. ಮೇಷ್ಟ್ರು ಅವಳನ್ನು ಭಾಷಣ ಅಭ್ಯಾಸ ಮಾಡಿಸಲು ಶಾಲೆಗೆ ಕರೆಸಿಕೊಂಡಿದ್ದರು. ಪಕ್ಕದ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಲ್ಲಿ ಸುದ್ದಿಗೆ ಕಾಲು ಬಂದಾಗಿತ್ತು.

ಮಧ್ಯಾಹ್ನ ಎಲ್ಲರೂ ಬದುವಿನ ಮೇಲೆ ಕೂತಾಗ ಯಾನಿನಾಳ ಅಮ್ಮ ತೆಯೋಫಿಲಾ ತಾನೇ ಬಡಿಸುತ್ತ ಬಂದಳು. ಜೆನೈದಾಳ ಬಟ್ಟಲಿಗೆ ಹುರಿದ ಗಿನಿಹಂದಿಯ ತೊಡೆಯ ತುಂಡನ್ನು ಹಾಕಿದಳು, ಮನೆಗೆ ಬಂದ ದೊಡ್ಡವರಿಗೆ ಹಾಕುವ ತುಂಡು ಅದು.

"ತಿನ್ನಮ್ಮ," ಎಂದಳು. "ನಿನ್ನೆ ಯಾನಿನಾ ಬಂದು ಹೇಳಿದ್ಲು. ಚಿಕ್ಕ ಬುದ್ಧಿ ಅವಳದು. ಮಕ್ಕಳ ಜಗಳ ಮನೆವರೆಗೆ ತರಬಾರದು, ಅಲ್ವಾ?"

"ಹೊಟ್ಟೆ ತುಂಬಿದೆ ಚಿಕ್ಕಮ್ಮ," ಎಂದು ಜೆನೈದಾ ಬಟ್ಟಲನ್ನು ಪಕ್ಕದಲ್ಲಿದ್ದ ಮುದುಕಿಯ ಮುಂದೆ ಸರಿಸಿದಳು. ನಿಜಕ್ಕೂ ಹಸಿವಿನಿಂದ ಹೊಟ್ಟೆ ಚುರುಗುಟ್ಟುತ್ತಿತ್ತು.

ಹೊತ್ತು ಇಳಿಯುವಷ್ಟರಲ್ಲಿ ಹೊಲ ಮುಗಿಯಿತು. ಅಗೆತಕ್ಕೆ ಬಂದವರಿಗೆಲ್ಲ ಮನೆಯೊಡತಿ ಕೈಯಾರೆ ಗಡ್ಡೆ ಆರಿಸಿ ಕೊಡಬೇಕು. ತೆಯೋಫಿಲಾ ಒಬ್ಬೊಬ್ಬರಿಗೂ ಕೊಟ್ಟು, ಕೊನೆಗೆ ಜೆನೈದಾಳ ಹೆಗಲ ಬಟ್ಟೆಯನ್ನು ತಾನೇ ನೆಲದ ಮೇಲೆ ಹಾಸಿದಳು. ರಾಶಿಯನ್ನು ಕೆದಕಿ, ಹುಳ ತಾಗದ, ಗುದ್ದಲಿ ಏಟು ಬೀಳದ ಗಡ್ಡೆಗಳನ್ನೇ ಹುಡುಕಿ ಹುಡುಕಿ ತುಂಬಿದಳು. ಬೇರೆಯವರಿಗೆ ಕೊಟ್ಟದ್ದರ ಎರಡರಷ್ಟಾಯಿತು.

"ನಿಮ್ಮ ಹೊಲದ ಅಗೆತ ಯಾವಾಗಮ್ಮ?" ಎಂದು ಕೇಳಿದಳು. ಆಳು ಬಂದವರನ್ನು ಕಳಿಸುವಾಗ ಕೇಳಲೇಬೇಕಾದ ಮಾತು. "ಯಾನಿನಾ ಹುವಾರಾಸಿಗೆ ಹೋಗಿರ್ತಾಳೇನೋ. ನಾನೂ ನಿನ್ನ ಚಿಕ್ಕಪ್ಪನೂ ಬರ್ತೀವಿ."

ಹೊರಟಿದ್ದ ಹೆಂಗಸರು ನಿಂತರು.

"ಬರೋದು ಬೇಡ ಚಿಕ್ಕಮ್ಮ," ಎಂದಳು ಜೆನೈದಾ. "ಇವತ್ತಿಗೆ ಸಮ ಆಯ್ತು."

"ಹಾಗನ್ನಬಾರದು ಕಣೇ... ನಿಮ್ಮಮ್ಮ ಹಾಗೆ ಹೇಳು ಅಂದ್ಲಾ?"

"ಇಲ್ಲ. ನಾನು ಹೇಳ್ತಿರೋದು."

ಜೆನೈದಾ ಬಟ್ಟೆಯ ಮುಂದೆ ಮಂಡಿಯೂರಿದಳು. ಸಿಪ್ಪೆ ತರಚದಂತೆ, ಎರಡು ಕೈಯಲ್ಲೂ ಹಿಡಿದು, ಒಂದೊಂದೇ ಗಡ್ಡೆಯನ್ನು ರಾಶಿಯ ಮೇಲೆ ಇಡುತ್ತ ಹೋದಳು. ಬಟ್ಟೆ ಬರಿದಾದ ಮೇಲೆ ಎದ್ದು ಮಣ್ಣು ಕೊಡವಿ, ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡು ಬದು ಇಳಿದಳು. ತೆಯೋಫಿಲಾಳ ಕೈಯಲ್ಲಿ ಇನ್ನೊಂದು ಗಡ್ಡೆ ಉಳಿದಿತ್ತು. ಅದಕ್ಕಂಟಿದ್ದ ಮಣ್ಣನ್ನು ಅವಳು ಹೆಬ್ಬೆರಳಿನಿಂದ ಒರೆಸುತ್ತಲೇ ನಿಂತಿದ್ದಳು.